ಮನೆಯಲ್ಲೇ ಎಂಜಿನ್‌ನಿಂದ ಗೇರ್‌ಬಾಕ್ಸ್ ಬಿಡಿಸುವುದು: ಪೂರ್ತಿ ಮಾರ್ಗದರ್ಶಿ

ಕ್ಲಚ್ ಪ್ಲೇಟ್ ಸವೆದಿದೆ, ಇಲ್ಲಾ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕಿರುಗುಡುತ್ತಿದೆ, ಇಲ್ಲಾ ಎಂಜಿನ್ ಹಿಂದಿನ ಸೀಲ್‌ನಿಂದ ಆಯಿಲ್ ಜಿನುಗುತ್ತಿದೆ. ಯಾವುದಾದರೂ ಸರಿ, ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿ ಇಲ್ಲ. ಹಾಕಬೇಕಾದ ಹೊಸ ಸಾಮಾನು ಒಂದು ಕೈಯಲ್ಲಿ ಹಿಡಿಯುವಷ್ಟೇ ಇರುತ್ತದೆ, ಅದರ ಹತ್ತಿರ ಹೋಗುವ ಕೆಲಸವೇ ಜಾಸ್ತಿ.

ಕಷ್ಟದ ಕೆಲಸ ಹೌದು, ಆದರೆ ಇದರಲ್ಲಿ ಗುಟ್ಟೇನೂ ಇಲ್ಲ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಇರುವ ನಂಟು ಇಷ್ಟೇ: ಸುತ್ತ ಒಂದಷ್ಟು ಬೋಲ್ಟ್, ಎರಡನ್ನೂ ಒಂದೇ ನೇರಕ್ಕೆ ಕೂರಿಸುವ ಎರಡು ಡೋವೆಲ್ ಪಿನ್, ಮಧ್ಯದಲ್ಲಿ ಕ್ಲಚ್ ಪ್ಲೇಟಿನೊಳಗೆ ಹೋಗಿ ಕೂತಿರುವ ಇನ್‌ಪುಟ್ ಶಾಫ್ಟ್. ನಡುವೆ ಅಂಟಿಲ್ಲ. ಹಾಗಾಗಿ ಗೇರ್‌ಬಾಕ್ಸ್ ಬರುತ್ತಿಲ್ಲ ಅಂದರೆ ಎಲ್ಲೋ ಒಂದು ಬೋಲ್ಟ್ ಉಳಿದಿದೆ, ಇಲ್ಲಾ ಡೋವೆಲ್ ತುಕ್ಕು ಹಿಡಿದಿದೆ, ಇಲ್ಲಾ ನೀವು ಹಿಡಿದ ಕೋನ ತಪ್ಪಿದೆ. ಬಲ ಹಾಕುವುದು ಇದರಲ್ಲಿ ಯಾವುದಕ್ಕೂ ಉತ್ತರ ಅಲ್ಲ. ಕೆಲಸದ ಉದ್ದಕ್ಕೂ ಇದನ್ನು ನೆನಪಿಟ್ಟುಕೊಳ್ಳಿ.

ಶುರು ಮಾಡುವ ಮೊದಲು

ನಿಮ್ಮ ಕಾರು ಯಾವ ಬಗೆಯದ್ದು ಅಂತ ನೋಡಿ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಅಡ್ಡಡ್ಡ ಕೂತಿರುತ್ತದೆ, ಗೇರ್‌ಬಾಕ್ಸ್ ಅದರ ಪಕ್ಕದಲ್ಲಿ ಇರುತ್ತದೆ, ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಕೂಡ ಅದರೊಳಗೇ. ಹಿಂದಿನ ಚಕ್ರದ ಕಾರುಗಳಲ್ಲಿ ಎಂಜಿನ್ ಉದ್ದುದ್ದ, ಗೇರ್‌ಬಾಕ್ಸ್ ಅದರ ಹಿಂದೆ ಕ್ಯಾಬಿನ್‌ನ ಅಡಿಗೆ. ನಾನು ಇಲ್ಲಿ ಮುಖ್ಯವಾಗಿ ಮೊದಲನೆಯದನ್ನು ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರ ಹತ್ತಿರ ಇರುವುದು ಅದೇ. ಎರಡನೆಯದಕ್ಕೆ ಕೊನೆಯ ಕಡೆ ಒಂದು ಭಾಗ ಇದೆ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಆದರೆ ಕೆಲಸ ಹೆಚ್ಚು ಕಡಿಮೆ ಎರಡರಷ್ಟು. ಕೆಲವು ಮಾಡೆಲ್‌ಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಹೊರಗೆ ತೆಗೆದು ಆಮೇಲೆ ಬೇರೆ ಮಾಡುವುದೇ ಸುಲಭ. ನಿಮ್ಮ ಮಾಡೆಲ್‌ನ ರಿಪೇರಿ ಕೈಪಿಡಿ ಇದಕ್ಕೇ ಬೇಕು. ಯಾವ ಬೋಲ್ಟ್ ಎಲ್ಲಿದೆ, ಎಷ್ಟು ಟಾರ್ಕ್, ಯಾವ ಆಯಿಲ್, ಎಷ್ಟು ಲೀಟರ್, ಯಾವ ನಟ್ ಮತ್ತೆ ಬಳಸಬಾರದು, ಎಲ್ಲವೂ ಅದರಲ್ಲಿ ಇರುತ್ತದೆ. ಅದಿಲ್ಲದೆ ಕೈ ಹಾಕಬೇಡಿ.

ಚಿಕ್ಕ ಕಾರಿನ ಗೇರ್‌ಬಾಕ್ಸ್ ಕೂಡ ಸಾಮಾನ್ಯವಾಗಿ 30 ಕೆ.ಜಿ. ದಾಟುತ್ತದೆ, ದೊಡ್ಡ ಕಾರಿನದ್ದು 50 ಕೆ.ಜಿ.ಗೂ ಮೇಲೆ ಇರಬಹುದು. ನೆಲದ ಮೇಲಿದ್ದಾಗ ಎತ್ತಬಹುದಾದ ತೂಕ ಇದು. ಆದರೆ ಅಂಗಾತ ಮಲಗಿ, ಕೈ ಮೇಲೆತ್ತಿ, ಜಾರುವ ಅಲ್ಯೂಮಿನಿಯಂ ಮೈಯನ್ನು ಹಿಡಿದು ನೇರಕ್ಕೆ ಇಳಿಸುವಾಗ ಅದೇ ತೂಕ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಇನ್ನೊಬ್ಬರು ಜೊತೆಗೆ ಇರಲೇಬೇಕು. ಅವರಿಗೆ ಮೆಕ್ಯಾನಿಕ್ ಕೆಲಸ ಗೊತ್ತಿರಬೇಕು ಅಂತಿಲ್ಲ, ಜ್ಯಾಕ್ ಹಿಡಿಕೆ ಹಿಡಿದು ಹೇಳಿದಷ್ಟೇ ಇಳಿಸಿದರೆ ಸಾಕು.

ಮೊದಲ ಸಲ ಮಾಡುವವರು ಪೂರ್ತಿ ಎರಡು ದಿನ ಇಟ್ಟುಕೊಳ್ಳಿ. ಮರುದಿನ ಬೆಳಗ್ಗೆ ಇದೇ ಕಾರು ಬೇಕು ಅನ್ನುವ ಪರಿಸ್ಥಿತಿಯಲ್ಲಿ ಶುರು ಮಾಡಬೇಡಿ, ಅವಸರದಲ್ಲೇ ಕೈ ಜಜ್ಜುವುದು.

ಸಾಮಾನುಗಳು

ಗಟ್ಟಿ ಟ್ರಾಲಿ ಜ್ಯಾಕ್, ಕಾರಿನ ತೂಕ ತಡೆಯುವ ನಾಲ್ಕು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡುವ ಕಟ್ಟೆ. ಗೇರ್‌ಬಾಕ್ಸ್ ಇಳಿಸಲು ಟ್ರಾನ್ಸ್‌ಮಿಷನ್ ಜ್ಯಾಕ್ ಬಾಡಿಗೆಗೆ ಸಿಕ್ಕರೆ ಖಂಡಿತ ತನ್ನಿ. ಸಿಗದಿದ್ದರೆ ಎರಡನೇ ಟ್ರಾಲಿ ಜ್ಯಾಕಿನ ಮೇಲೆ ದಪ್ಪ ಹಲಗೆ ಇಟ್ಟು, ಗೇರ್‌ಬಾಕ್ಸನ್ನು ರ‍್ಯಾಚೆಟ್ ಬೆಲ್ಟ್‌ನಿಂದ ಬಿಗಿದು ಕೆಲಸ ನಡೆಸಬಹುದು. ಎಂಜಿನ್‌ಗೆ ಮೇಲಿಂದ ಆಸರೆ ಕೊಡುವ ಸಪೋರ್ಟ್ ಬಾರ್ ಇನ್ನೊಂದು ಮುಖ್ಯ ಸಾಮಾನು.

ಸಾಕೆಟ್ ಸೆಟ್ ಇದ್ದೇ ಇರುತ್ತದೆ. ಅದರ ಜೊತೆಗೆ ಉದ್ದದ ಎಕ್ಸ್‌ಟೆನ್ಷನ್‌ಗಳು, ಅತ್ತಿತ್ತ ತಿರುಗುವ ಯೂನಿವರ್ಸಲ್ ಜಾಯಿಂಟ್, ಉದ್ದ ಹಿಡಿಕೆಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಎರಡು ಮೀಟುಗೋಲು, ಬಾಲ್ ಜಾಯಿಂಟ್ ಬಿಡಿಸುವ ಪುಲ್ಲರ್, ಚಕ್ರದ ನಡುಮಧ್ಯೆ ಇರುವ ದೊಡ್ಡ ಆಕ್ಸಲ್ ನಟ್‌ಗೆ ಸರಿಯಾದ ಸಾಕೆಟ್ (ಬಹಳಷ್ಟು ಕಾರುಗಳಲ್ಲಿ 30, 32 ಅಥವಾ 36 ಮಿ.ಮೀ.), ತುಕ್ಕು ಬಿಡಿಸುವ ಆಯಿಲ್, ಬ್ರೇಕ್ ಕ್ಲೀನರ್, ಆಯಿಲ್ ಹಿಡಿಯುವ ಟ್ರೇ. ಹೊಸ ಕ್ಲಚ್ ಹಾಕುವುದಿದ್ದರೆ ಅದನ್ನು ಮಧ್ಯಕ್ಕೆ ಕೂರಿಸುವ ಅಲೈನ್‌ಮೆಂಟ್ ಟೂಲ್. ಕಣ್ಣಿಗೆ ಗಾಗಲ್ ಮರೆಯಬೇಡಿ, ಕೆಳಗೆ ಮಲಗಿದಾಗ ಮಣ್ಣು, ತುಕ್ಕು ಎಲ್ಲ ನೇರ ಮುಖದ ಮೇಲೇ ಬೀಳುತ್ತದೆ.

ಇನ್ನು ಒಂದು ರಟ್ಟಿನ ತುಂಡು. ಅದರ ಮೇಲೆ ಬೆಲ್ ಹೌಸಿಂಗ್‌ನ (ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಕಡೆಯ ಗಂಟೆಯಾಕಾರದ ಕವಚ) ಆಕಾರ ಗೀಚಿ, ಬೋಲ್ಟ್ ಬಿಚ್ಚಿದ ಹಾಗೆಲ್ಲ ಅದರದ್ದೇ ಜಾಗದಲ್ಲಿ ಚುಚ್ಚಿಡಿ. ಈ ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತಳ ತಾಗಿ ನಿಲ್ಲುತ್ತದೆ. ಬಿಗಿಯಾಯಿತು ಅಂತ ನೀವಂದುಕೊಂಡಿರುತ್ತೀರಿ, ಹೌಸಿಂಗ್ ಮಾತ್ರ ಸಡಿಲವಾಗೇ ಇರುತ್ತದೆ.

ಕಾರು ಎತ್ತುವುದು

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಮಣ್ಣಿನ ಮೇಲೆ, ಇಳಿಜಾರಿನ ಮೇಲೆ ಈ ಕೆಲಸ ಬೇಡ.

ಎತ್ತುವ ಮೊದಲೇ ಒಂದು ಕೆಲಸ ಇದೆ. ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ ಸಡಿಲ ಮಾಡಿ. ಈ ನಟ್ ಬಹಳ ಬಿಗಿ ಇರುತ್ತದೆ, ಹಲವು ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಆಸುಪಾಸು. ಸ್ಟ್ಯಾಂಡ್ ಮೇಲೆ ನಿಂತ ಕಾರಿನಲ್ಲಿ ಅಷ್ಟು ಬಲ ಹಾಕಿ ಎಳೆದರೆ ಕಾರೇ ಅಲುಗಾಡುತ್ತದೆ. ನಟ್‌ನ ಅಂಚನ್ನು ಶಾಫ್ಟಿನ ಸೀಳಿಗೆ ಬಡಿದು ಕೂರಿಸಿದ್ದರೆ ಮೊದಲು ಅದನ್ನು ಉಳಿಯಿಂದ ಎತ್ತಿ, ಕಾಟರ್ ಪಿನ್ ಇದ್ದರೆ ಎಳೆದು ತೆಗೆಯಿರಿ. ಜೊತೆಗಿರುವವರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಬ್ರೇಕರ್ ಬಾರ್‌ನಿಂದ ಬಿಚ್ಚಿ. ಚಕ್ರದ ನಟ್‌ಗಳನ್ನೂ ಈಗಲೇ ಅರ್ಧ ಸುತ್ತು ಸಡಿಲಿಸಿ.

ಆಮೇಲೆ ಕಾರು ಎತ್ತಿ ಸ್ಟ್ಯಾಂಡ್ ಕೊಡಿ. ಎಷ್ಟು ಎತ್ತರ? ಜ್ಯಾಕನ್ನು ಪೂರ್ತಿ ಇಳಿಸಿದ ಮೇಲೆ ಅದರ ಮೇಲೆ ಕೂತ ಗೇರ್‌ಬಾಕ್ಸ್ ಕಾರಿನ ಅಡಿಯಿಂದ ಹೊರಗೆ ಬರಬೇಕು, ಅಷ್ಟು. ಜ್ಯಾಕಿನ ಕನಿಷ್ಠ ಎತ್ತರ, ಬೆಲ್ ಹೌಸಿಂಗ್‌ನ ಎತ್ತರ ಎರಡೂ ಅಳೆದು ಕೂಡಿಸಿ. ಎಲ್ಲ ಬಿಚ್ಚಿದ ಮೇಲೆ ಗೇರ್‌ಬಾಕ್ಸ್ ಕಾರಿನಡಿಯಲ್ಲೇ ಸಿಕ್ಕಿಕೊಂಡರೆ, ಆಗ ಮತ್ತೆ ಕಾರು ಎತ್ತುವುದು ತುಂಬಾ ಅಪಾಯ. ಸ್ಟ್ಯಾಂಡ್ ಇಟ್ಟ ಮೇಲೆ ಕಾರನ್ನು ಕೈಯಿಂದ ಜೋರಾಗಿ ತಳ್ಳಿ ನೋಡಿ. ಅಲುಗಿದರೆ ಮತ್ತೆ ಇಟ್ಟು ಸರಿ ಮಾಡಿ. ಜ್ಯಾಕ್ ಒಂದರ ಮೇಲೆ ನಿಂತ ಕಾರಿನಡಿಗೆ ಒಂದು ಕ್ಷಣಕ್ಕೂ ಹೋಗಬೇಡಿ, ಜ್ಯಾಕಿನೊಳಗೆ ಇರುವುದು ಬರೀ ಆಯಿಲ್ ಮತ್ತು ಒಂದು ರಬ್ಬರ್ ಸೀಲ್.

ಮೇಲಿನ ಕೆಲಸ

ಬ್ಯಾಟರಿಯ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ. ಸ್ಟಾರ್ಟರ್ ಮೋಟರ್‌ಗೆ ಹೋಗುವ ದಪ್ಪ ವೈರ್‌ನಲ್ಲಿ ಕೀ ತಿರುಗಿಸದೇ ಇದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಅಡ್ಡ ಎಂಜಿನ್‌ನ ಕಾರುಗಳಲ್ಲಿ ಬ್ಯಾಟರಿ, ಅದರ ಟ್ರೇ, ಏರ್ ಫಿಲ್ಟರ್ ಡಬ್ಬ ಸಾಮಾನ್ಯವಾಗಿ ಗೇರ್‌ಬಾಕ್ಸ್ ಮೇಲೇ ಕೂತಿರುತ್ತವೆ. ಮೂರನ್ನೂ ತೆಗೆದರೆ ಕೈ ಆಡಿಸಲು ಜಾಗ ಆಗುತ್ತದೆ.

ಈಗ ಫೋನ್ ತೆಗೆದು ಎಲ್ಲ ಕಡೆಯಿಂದ ಫೋಟೋ ಹೊಡೆಯಿರಿ. ಗೇರ್ ಕೇಬಲ್ ಯಾವುದು ಮೇಲೆ, ಯಾವುದು ಕೆಳಗೆ, ವೈರಿಂಗ್ ಯಾವ ಕ್ಲಿಪ್ಪಿನ ಹಿಂದೆ ಹೋಗಿದೆ, ಅರ್ತ್ ವೈರ್ ಯಾವ ಬೋಲ್ಟಿನಡಿ ಇದೆ. ನಾಳೆ ಸಂಜೆ ಇದ್ಯಾವುದೂ ನೆನಪಿರುವುದಿಲ್ಲ.

ಗೇರ್ ಕೇಬಲ್‌ಗಳ ತುದಿ ಬಾಲ್ ಜಾಯಿಂಟ್ ತರಹ ಇದ್ದರೆ ಅಗಲ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಮೀಟಿ, ಕ್ಲಿಪ್ ಇದ್ದರೆ ಕ್ಲಿಪ್ ಎಳೆಯಿರಿ. ಹಳೆಯ ಪ್ಲಾಸ್ಟಿಕ್ ಮುರಿಯುವುದು ಸುಲಭ. ಆಮೇಲೆ ರಿವರ್ಸ್ ಲೈಟ್ ಸ್ವಿಚ್, ಸ್ಪೀಡ್ ಸೆನ್ಸರ್, ನ್ಯೂಟ್ರಲ್ ಸ್ವಿಚ್ ಇದ್ದರೆ ಅದು, ಎಲ್ಲದರ ಕನೆಕ್ಟರ್ ಬಿಡಿಸಿ. ಕನೆಕ್ಟರ್‌ನ ಲಾಕ್ ಒತ್ತಿ ಎಳೆಯಬೇಕು, ವೈರ್ ಹಿಡಿದು ಎಳೆಯಬಾರದು. ಕ್ರ್ಯಾಂಕ್ ಸೆನ್ಸರ್ ಬೆಲ್ ಹೌಸಿಂಗ್‌ನಲ್ಲೇ ಚುಚ್ಚಿರುವ ಕಾರುಗಳಿವೆ. ನಿಮ್ಮದು ಹಾಗಿದ್ದರೆ ಸೆನ್ಸರನ್ನೇ ಹೊರಗೆ ತೆಗೆಯಿರಿ, ಇಲ್ಲವಾದರೆ ಗೇರ್‌ಬಾಕ್ಸ್ ಜಾರುವಾಗ ಅದರ ತುದಿ ಮುರಿಯುತ್ತದೆ.

ಕ್ಲಚ್ ಕೇಬಲ್ ಇರುವ ಕಾರಿನಲ್ಲಿ ಅಡ್ಜಸ್ಟ್‌ಮೆಂಟ್ ಸಡಿಲಿಸಿ ಫೋರ್ಕ್‌ನಿಂದ (ರಿಲೀಸ್ ಬೇರಿಂಗನ್ನು ತಳ್ಳುವ ಕವೆ) ಬಿಡಿಸಿದರೆ ಆಯಿತು. ಹೈಡ್ರಾಲಿಕ್ ಆದರೆ ಎರಡು ಬಗೆ. ಸ್ಲೇವ್ ಸಿಲಿಂಡರ್ (ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ಪಿಸ್ಟನ್ ಇರುವ ಭಾಗ) ಹೊರಗಿದ್ದರೆ ಪೈಪ್ ಬಿಚ್ಚುವುದೇ ಬೇಡ. ಸಿಲಿಂಡರ್‌ನ ಬೋಲ್ಟ್ ತೆಗೆದು, ಪೈಪ್ ಸಮೇತ ಪಕ್ಕಕ್ಕೆ ತಂತಿಯಲ್ಲಿ ಕಟ್ಟಿ. ಆ ಮೇಲೆ ಯಾರೂ ಕ್ಲಚ್ ಪೆಡಲ್ ತುಳಿಯಬಾರದು, ತುಳಿದರೆ ಪಿಸ್ಟನ್ ಚಿಮ್ಮಿ ಹೊರಬರುತ್ತದೆ. ಪೆಡಲ್ ಮೇಲೆ ಒಂದು ಚೀಟಿ ಅಂಟಿಸಿಬಿಡಿ. ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೇ ಇದ್ದರೆ ಪೈಪ್ ಬಿಚ್ಚಲೇಬೇಕು. ಎರಡೂ ತುದಿಗೆ ಮುಚ್ಚಳ ಹಾಕಿ, ಪೈಪಿನಲ್ಲಿರುವ ಬ್ರೇಕ್ ಫ್ಲೂಯಿಡ್ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಿರಿ, ಅದು ಪೇಂಟ್ ತಿನ್ನುತ್ತದೆ.

ಸ್ಟಾರ್ಟರ್ ಮೋಟರ್ ಬಹಳ ಕಾರುಗಳಲ್ಲಿ ಬೆಲ್ ಹೌಸಿಂಗ್‌ಗೇ ಕೂತಿರುತ್ತದೆ, ಅದರ ಬೋಲ್ಟ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಹಿಡಿದಿರಬಹುದು. ತೆಗೆದು ಪಕ್ಕಕ್ಕಿಡಿ, ವೈರ್‌ನಲ್ಲಿ ನೇತಾಡಲು ಬಿಡಬೇಡಿ.

ಕೈಗೆ ಸಿಗುವ ಮೇಲಿನ ಬೆಲ್ ಹೌಸಿಂಗ್ ಬೋಲ್ಟ್‌ಗಳಿಗೆ ಈಗಲೇ ತುಕ್ಕಿನ ಆಯಿಲ್ ಹಾಕಿ. ನೀವು ಕೆಳಗಿನ ಕೆಲಸ ಮುಗಿಸುವಷ್ಟರಲ್ಲಿ ಅದು ಒಳಗೆ ಇಳಿದಿರುತ್ತದೆ.

ಆಯಿಲ್ ಇಳಿಸುವುದು

ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಬಿಚ್ಚಿಕೊಂಡ ಮೇಲೆ ಮಾತ್ರ ಕೆಳಗಿನ ಡ್ರೈನ್ ಪ್ಲಗ್. ಆಯಿಲ್ ಎಲ್ಲ ಖಾಲಿ ಮಾಡಿದ ಮೇಲೆ ತುಂಬುವ ಪ್ಲಗ್ ಬರುವುದಿಲ್ಲ ಅಂತ ಗೊತ್ತಾದರೆ ಏನು ಮಾಡುತ್ತೀರಿ ಅಲ್ವಾ? ಚಿಕ್ಕ ಕಾರುಗಳಲ್ಲಿ ಸುಮಾರು 2 ಲೀಟರ್ ಬರುತ್ತದೆ. ಡ್ರೈನ್ ಪ್ಲಗ್ಗಿಗೆ ಆಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಚೂರು, ಹಲ್ಲಿನ ತುಂಡು ಸಿಕ್ಕರೆ ಗೇರ್‌ಬಾಕ್ಸ್ ಒಳಗೇ ತೊಂದರೆ ಇದೆ, ಬರೀ ಕ್ಲಚ್ ಹಾಕಿ ಮುಚ್ಚಬೇಡಿ.

ಡ್ರೈವ್ ಶಾಫ್ಟ್

ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್ ಇದು. ಚಕ್ರ ತೆಗೆದು, ಕೆಳಗಿನ ಬಾಲ್ ಜಾಯಿಂಟನ್ನು ನಕಲ್‌ನಿಂದ (ಚಕ್ರದ ಹಬ್ ಹಿಡಿದಿರುವ ಲೋಹದ ತುಂಡು) ಬಿಡಿಸಿ. ಈಗ ನಕಲ್ ಹೊರಕ್ಕೆ ತಿರುಗುತ್ತದೆ, ಶಾಫ್ಟಿನ ಹೊರತುದಿಯನ್ನು ಹಬ್‌ನಿಂದ ಹಿಂದಕ್ಕೆ ತಳ್ಳಬಹುದು. ಬರದಿದ್ದರೆ ಆಕ್ಸಲ್ ನಟ್ಟನ್ನು ತುದಿಗೆ ಸಮನಾಗಿ ತಿರುಗಿಸಿಟ್ಟು, ಮರದ ತುಂಡು ಅಡ್ಡ ಇಟ್ಟು ಬಡಿಯಿರಿ. ಬರೀ ಶಾಫ್ಟಿಗೆ ಸುತ್ತಿಗೆ ಬಿದ್ದರೆ ಮರೆ (ನಟ್ ತಿರುಗುವ ಥ್ರೆಡ್) ಹರಡಿ ಮತ್ತೆ ನಟ್ ಏರುವುದಿಲ್ಲ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆತಕ್ಕೆ ಸಿಗದಂತೆ ನೋಡಿಕೊಳ್ಳಿ. ಕ್ಯಾಲಿಪರ್ ಬಿಚ್ಚಿದ್ದರೆ ಅದನ್ನು ತಂತಿಯಲ್ಲಿ ನೇತುಹಾಕಿ.

ಒಳತುದಿ ಗೇರ್‌ಬಾಕ್ಸ್ ಒಳಗೆ ಒಂದು ಸಣ್ಣ ಸ್ಪ್ರಿಂಗ್ ರಿಂಗ್‌ನಿಂದ ಹಿಡಿದಿರುತ್ತದೆ. ಗೇರ್‌ಬಾಕ್ಸ್‌ಗೂ ಜಾಯಿಂಟಿನ ಲೋಹದ ಬಟ್ಟಲಿಗೂ ನಡುವೆ ಮೀಟುಗೋಲು ಇಟ್ಟು ಒಂದೇ ಏಟಿಗೆ ಚುರುಕಾಗಿ ಮೀಟಿದರೆ ಟಕ್ ಅಂತ ಬಿಡುತ್ತದೆ. ಮೆಲ್ಲಗೆ ಒತ್ತುತ್ತಾ ಕೂತರೆ ಬಿಡುವುದಿಲ್ಲ. ಮೀಟುಗೋಲಿನ ತುದಿ ಆಯಿಲ್ ಸೀಲ್‌ಗೆ ತಾಗಬಾರದು. ಶಾಫ್ಟನ್ನು ಮಧ್ಯದಲ್ಲಿ ಹಿಡಿದು ಎಳೆಯುವುದು ಮಾತ್ರ ಬೇಡವೇ ಬೇಡ, ಒಳಗಿನ ಜಾಯಿಂಟ್ ತನ್ನ ರಬ್ಬರ್ ಕವಚದೊಳಗೇ ಕಳಚಿಕೊಳ್ಳುತ್ತದೆ. ಶಾಫ್ಟ್ ಬಂದಾಗ ಉಳಿದ ಆಯಿಲ್ ಸುರಿಯುತ್ತದೆ, ಟ್ರೇ ಅಲ್ಲೇ ಇರಲಿ. ತೂತಿಗೆ ಶುದ್ಧ ಬಟ್ಟೆ ತುರುಕಿ.

ಕೆಲವು ಕಾರುಗಳಲ್ಲಿ ಶಾಫ್ಟ್ ಫ್ಲ್ಯಾಂಜ್‌ಗೆ (ಬೋಲ್ಟ್ ತೂತುಗಳಿರುವ ತಟ್ಟೆ) ಬೋಲ್ಟ್ ಆಗಿರುತ್ತದೆ, ಆಗ ಮೀಟುವುದು ಇಲ್ಲ, ಬಿಚ್ಚಿದರೆ ಸಾಕು.

ಸಬ್‌ಫ್ರೇಮ್ (ಎಂಜಿನ್‌ನಡಿಯ ಲೋಹದ ಚೌಕಟ್ಟು) ಇಳಿಸಬೇಕಾದ ಕಾರು ಆದರೆ ಸ್ಟೀರಿಂಗ್ ನೇರ ಇಟ್ಟು ಲಾಕ್ ಮಾಡಿ, ಆಮೇಲೆ ಕಾಲಮ್ ಜಾಯಿಂಟ್ ಬಿಚ್ಚಿ. ಬಿಚ್ಚಿದ ಮೇಲೆ ಸ್ಟೀರಿಂಗ್ ಸುಮ್ನೆ ತಿರುಗಿಸಿದರೆ ಏರ್‌ಬ್ಯಾಗ್‌ನ ಸುರುಳಿ ವೈರ್ ತುಂಡಾಗುತ್ತದೆ. ಸಬ್‌ಫ್ರೇಮ್ ಕೂತ ಜಾಗವನ್ನು ಪೇಂಟ್‌ನಿಂದ ಗುರುತು ಮಾಡಿಡಿ.

ಎಂಜಿನ್‌ಗೆ ಆಸರೆ

ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗಂಟಾಗಿ ಮೂರು ನಾಲ್ಕು ಮೌಂಟ್‌ಗಳ ಮೇಲೆ ಕೂತಿವೆ. ಅದರಲ್ಲಿ ಒಂದೆರಡು ಗೇರ್‌ಬಾಕ್ಸ್ ಕಡೆಗೇ ಇವೆ. ಅವನ್ನು ಬಿಚ್ಚಿದ ಕ್ಷಣ ಎಂಜಿನ್ ಆ ಕಡೆಗೆ ವಾಲುತ್ತದೆ. ಸಪೋರ್ಟ್ ಬಾರನ್ನು ಎರಡು ಬದಿಯ ಫೆಂಡರ್ ಒಳಗಿನ ಗಟ್ಟಿ ಅಂಚಿನ ಮೇಲೆ ಇಟ್ಟು, ಎಂಜಿನ್‌ನ ಎತ್ತುವ ಕೊಂಡಿಗೆ ಸರಪಣಿ ಹಾಕಿ, ತೂಕ ಹಿಡಿಯುವಷ್ಟು ಮಾತ್ರ ಬಿಗಿಯಿರಿ. ಬಾರ್ ಇಲ್ಲವಾದರೆ ಆಯಿಲ್ ಪ್ಯಾನ್‌ನಡಿ ಅಗಲ ಹಲಗೆ ಇಟ್ಟು ಜ್ಯಾಕ್ ಕೊಡಬಹುದು, ಆದರೆ ಆ ಜ್ಯಾಕ್ ಗೇರ್‌ಬಾಕ್ಸ್ ಇಳಿಸುವ ದಾರಿಗೇ ಅಡ್ಡ ಬರುತ್ತದೆ, ತೆಳು ತಗಡಿನ ಪ್ಯಾನ್ ಆದರೆ ತಗ್ಗಾಗುವ ಭಯವೂ ಇದೆ. ನನ್ನ ಕೇಳಿದರೆ ಬಾರ್ ತಂದೇ ಶುರು ಮಾಡಿ.

ಗೇರ್‌ಬಾಕ್ಸ್ ಕೆಳಗೆ ಇನ್ನೊಂದು ಜ್ಯಾಕ್ ತಂದು, ತೂಕದ ಮಧ್ಯಕ್ಕೆ ಸರಿಯಾಗಿ ಕೊಟ್ಟು, ಬೆಲ್ಟ್ ಬಿಗಿದ ಮೇಲೆ ಮೌಂಟ್‌ಗಳನ್ನು ಬಿಚ್ಚಿ.

ಬೆಲ್ ಹೌಸಿಂಗ್ ಬೋಲ್ಟ್‌ಗಳು

ಎಲ್ಲಕ್ಕಿಂತ ತಾಳ್ಮೆ ಬೇಕಾಗುವುದು ಇಲ್ಲಿ. ಮೇಲಿನವು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತವೆ. ಕೆಲವು ಗೇರ್‌ಬಾಕ್ಸ್ ಕಡೆಯಿಂದ ಹೋಗಿರುತ್ತವೆ, ಒಂದೆರಡು ಎಂಜಿನ್ ಕಡೆಯಿಂದ. ಆಯಿಲ್ ಪ್ಯಾನ್‌ಗೂ ಬೆಲ್ ಹೌಸಿಂಗ್‌ಗೂ ನಡುವೆ ಸಣ್ಣ ಬ್ರ್ಯಾಕೆಟ್ ಇದ್ದರೆ ಅದನ್ನೂ ತೆಗೆಯಬೇಕು. ಫ್ಲೈವೀಲ್ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಮುಚ್ಚುವ ತಗಡಿನ ಪುಟ್ಟ 10 ಮಿ.ಮೀ. ತಲೆಯ ಬೋಲ್ಟ್‌ಗಳನ್ನು ಜನ ಮರೆಯುವುದೇ ಜಾಸ್ತಿ. ಕೈಪಿಡಿಯಲ್ಲಿ ಎಷ್ಟು ಬೋಲ್ಟ್ ಅಂತ ಇದೆ, ನಿಮ್ಮ ರಟ್ಟಿನ ಮೇಲೆ ಎಷ್ಟಿದೆ, ಎಣಿಸಿ.

ಸಾಕೆಟ್ ಪೂರ್ತಿ ಕೂತಿದೆ ಅಂತ ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಂಡ ಮೇಲೇ ಬಲ ಹಾಕಿ. 6 ಮೂಲೆಯ ಸಾಕೆಟ್ ಬಳಸಿ, 12 ಮೂಲೆಯದ್ದು ತುಕ್ಕು ಹಿಡಿದ ತಲೆಯನ್ನು ಸವೆಸುತ್ತದೆ. ಬಿಚ್ಚುವಾಗ ಬೋಲ್ಟ್ ಗಟ್ಟಿಯಾದರೆ ಸ್ವಲ್ಪ ಹಿಂದೆ ಬಿಗಿದು ಮತ್ತೆ ಬಿಚ್ಚಿ, ಆಯಿಲ್ ಹಾಕಿ, ಹೀಗೇ ಹಿಂದೆ ಮುಂದೆ. ಅಲ್ಯೂಮಿನಿಯಂನಲ್ಲಿ ಬೋಲ್ಟ್ ಮುರಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎದುರುಬದುರು ಇರುವ ಎರಡು ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗುವಷ್ಟು ಸಡಿಲ ಬಿಟ್ಟು, ಉಳಿದವನ್ನೆಲ್ಲ ತೆಗೆಯಿರಿ. ಈಗ ಒಂದು ಉಪಾಯ ಹೇಳುತ್ತೇನೆ, ಇದು ವಾಪಸ್ ಕೂರಿಸುವಾಗ ಇನ್ನೂ ಉಪಯೋಗಕ್ಕೆ ಬರುತ್ತದೆ. ಅದೇ ಮರೆಯ ಎರಡು ಉದ್ದದ ಬೋಲ್ಟ್ ತಂದು ತಲೆ ಕತ್ತರಿಸಿ, ಕತ್ತರಿಸಿದ ತುದಿಯಲ್ಲಿ ಹ್ಯಾಕ್ಸಾದಿಂದ ಸ್ಕ್ರೂಡ್ರೈವರ್ ಕೂರುವಷ್ಟು ಗೀರು ಮಾಡಿ. ಎಂಜಿನ್‌ನಲ್ಲಿ ಮರೆ ಇರುವ ಎರಡು ತೂತಿಗೆ ಇವನ್ನು ತಿರುಗಿಸಿದರೆ ಕಂಬಿ ಸಿದ್ಧ. ಗೇರ್‌ಬಾಕ್ಸ್ ಇವುಗಳ ಮೇಲೆ ನೇರವಾಗಿ ಜಾರುತ್ತದೆ, ವಾಲುವುದಿಲ್ಲ.

ಬೇರ್ಪಡಿಸುವುದು

ಕೊನೆಯ ಎರಡು ಬೋಲ್ಟ್ ತೆಗೆಯುವ ಮೊದಲು ಟಾರ್ಚ್ ಹಿಡಿದು ಸುತ್ತ ನೋಡಿ. ಯಾವುದಾದರೂ ವೈರ್, ಕೇಬಲ್, ಪೈಪ್ ಎರಡಕ್ಕೂ ಸೇರಿ ಉಳಿದಿದೆಯಾ? ಇಲ್ಲ ಅಂತ ಖಾತ್ರಿಯಾದ ಮೇಲೆ ಬೋಲ್ಟ್ ತೆಗೆಯಿರಿ.

ಸಾಮಾನ್ಯವಾಗಿ ಗೇರ್‌ಬಾಕ್ಸ್ ತಾನಾಗೇ ಬಿಡುವುದಿಲ್ಲ. ಡೋವೆಲ್ ಪಿನ್ ಅಂದರೆ ಹೆಚ್ಚಾಗಿ ಟೊಳ್ಳಾದ ಉಕ್ಕಿನ ಕೊಳವೆ, ಅಲ್ಯೂಮಿನಿಯಂ ತೂತಿನೊಳಗೆ ವರ್ಷಗಟ್ಟಲೆ ಕೂತು ಬಿಳಿ ಪುಡಿ ಹಿಡಿದು ಕಚ್ಚಿಕೊಂಡಿರುತ್ತದೆ. ಅಲ್ಲಿಗೆ ಆಯಿಲ್ ಬಿಟ್ಟು ಸ್ವಲ್ಪ ಕಾಯಿರಿ. ಎರಡು ಹೌಸಿಂಗ್‌ಗಳು ಸೇರುವ ಗೆರೆಯಲ್ಲಿ ಮೀಟಲೆಂದೇ ಬಿಟ್ಟ ಸಣ್ಣ ತಗ್ಗುಗಳು ಕೆಲವು ಕಾರುಗಳಲ್ಲಿ ಇರುತ್ತವೆ, ಮೀಟುಗೋಲು ಅಲ್ಲೇ ಇಡಿ. ಇಲ್ಲದಿದ್ದರೆ ದಪ್ಪ ಕಿವಿ ಅಥವಾ ಬೆಲ್ ಹೌಸಿಂಗ್‌ನ ಏಣು ಇರುವ ಕಡೆ. ನಯವಾಗಿ ಕಡೆದ ಮುಖಗಳ ನಡುವೆ ಉಳಿ ಬಡಿಯಬೇಡಿ. ಒಂದು ಗೀರು ಎದ್ದರೂ ಮತ್ತೆ ಕೂರಿಸಿದಾಗ ಎರಡು ಮುಖ ಸಮ ಕೂರುವುದಿಲ್ಲ, ಶಾಫ್ಟ್ ಓರೆಯಾಗಿ ಹೊಸ ಕ್ಲಚ್ ಬೇಗ ಹಾಳಾಗುತ್ತದೆ.

ಒಂದು ಕಡೆ ಸ್ವಲ್ಪ, ಎದುರು ಕಡೆ ಸ್ವಲ್ಪ ಮೀಟಿ. ಸಂದು ಸುತ್ತಲೂ ಸಮನಾಗಿ ತೆರೆಯುತ್ತಿದ್ದರೆ ದಾರಿ ಸರಿ. ಒಂದು ಕಡೆ 5 ಮಿ.ಮೀ. ತೆರೆದು ಇನ್ನೊಂದು ಕಡೆ ಅಂಟಿಕೊಂಡೇ ಇದ್ದರೆ ನಿಲ್ಲಿಸಿ. ಆ ಕಡೆ ಬೋಲ್ಟ್ ಉಳಿದಿರಬೇಕು, ಇಲ್ಲಾ ಆ ಕಡೆಯ ಡೋವೆಲ್ ಕಚ್ಚಿಕೊಂಡಿದೆ. ಮತ್ತೆ ಎಣಿಸಿ, ಮತ್ತೆ ಟಾರ್ಚ್ ಹಾಕಿ. ಜ್ಯಾಕಿನ ಎತ್ತರವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿದರೂ ಎಷ್ಟೋ ಸಲ ಬಿಟ್ಟುಬಿಡುತ್ತದೆ, ಯಾಕೆಂದರೆ ತೂಕ ಡೋವೆಲ್ ಮೇಲೆ ಕೂತಿದ್ದರೆ ಅದು ಜಾರುವುದಿಲ್ಲ.

ಡೋವೆಲ್ ಬಿಟ್ಟ ಮೇಲೂ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಒಳಗೇ ಇರುತ್ತದೆ. ಪೂರ್ತಿ ಹೊರಬರಲು ಗೇರ್‌ಬಾಕ್ಸ್ ಇನ್ನೂ 10–15 ಸೆಂ.ಮೀ. ಹಿಂದೆ ಸರಿಯಬೇಕಾಗಬಹುದು. ಈ ದೂರದಲ್ಲಿ ಗೇರ್‌ಬಾಕ್ಸ್‌ನ ತೂಕವನ್ನು ಶಾಫ್ಟ್ ಮೇಲೆ ಬಿಡಬಾರದು. ಬಿಟ್ಟರೆ ಪ್ಲೇಟಿನ ಮಧ್ಯಭಾಗ ಬಾಗುತ್ತದೆ, ಆಮೇಲೆ ಕ್ಲಚ್ ಒತ್ತಿದರೂ ಪೂರ್ತಿ ಬಿಡುವುದಿಲ್ಲ. ಜೊತೆಗಿರುವವರು ಜ್ಯಾಕ್ ಹಿಡಿದಿರಲಿ, ನೀವು ನೇರಕ್ಕೆ ಹಿಂದೆ ಎಳೆಯಿರಿ, ಆಗಾಗ ಸಂದಿನೊಳಗೆ ನೋಡಿ. ಶಾಫ್ಟಿನ ತುದಿ ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಕ್ಲಚ್ ಕವರ್) ಬೆರಳುಗಳನ್ನು ದಾಟಿ ಹೊರಬಂದದ್ದು ಕಣ್ಣಿಗೆ ಕಂಡ ಮೇಲೆ ಮಾತ್ರ ಇಳಿಸಲು ಶುರು ಮಾಡಿ.

ಅಡ್ಡ ಎಂಜಿನ್‌ನ ಕಾರುಗಳಲ್ಲಿ ಹಿಂದೆ ಸರಿಯಲು ಜಾಗ ಸಾಲದು, ಚಾಸಿಸ್ ಕಂಬಿ ಅಡ್ಡ ಬರುತ್ತದೆ. ಸಪೋರ್ಟ್ ಬಾರಿನ ಸರಪಣಿ ಸ್ವಲ್ಪ ಸಡಿಲಿಸಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಕೆಲವು ಸೆಂ.ಮೀ. ಇಳಿಸಿದರೆ ಕಂಬಿಯಡಿಗೆ ಜಾರಲು ದಾರಿಯಾಗುತ್ತದೆ. ಇಳಿಸುವಾಗ ರೇಡಿಯೇಟರ್ ಪೈಪ್, ಎಕ್ಸಾಸ್ಟ್ ಎಳೆದುಕೊಳ್ಳುತ್ತಿಲ್ಲ ಅಂತ ನೋಡುತ್ತಿರಿ. ಇಳಿಯುವಾಗ ಯಾರ ಕೈಕಾಲೂ ಅದರಡಿ ಇರಬಾರದು. ಜಾರಿತು ಅಂದರೆ ಹಿಡಿಯಲು ಹೋಗಬೇಡಿ, ಬೀಳಲಿ. ಹೌಸಿಂಗ್ ಇನ್ನೊಂದು ತರಬಹುದು.

ಹಿಂದಿನ ಚಕ್ರದ ಕಾರು ಆದರೆ

ಡ್ರೈವ್ ಶಾಫ್ಟ್ ಕೆಲಸ ಇಲ್ಲ, ಬದಲಿಗೆ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್. ಬಿಚ್ಚುವ ಮೊದಲು ಎರಡು ಫ್ಲ್ಯಾಂಜ್‌ಗಳ ಮೇಲೂ ಸೇರಿದಂತೆ ಒಂದು ಗೆರೆ ಎಳೆಯಿರಿ, ಅದೇ ಜಾಗಕ್ಕೆ ಕೂರದಿದ್ದರೆ ನಡುಕ ಬರಬಹುದು. ಶಾಫ್ಟ್ ಗೇರ್‌ಬಾಕ್ಸ್ ಬಾಲದಿಂದ ಜಾರಿ ಬರುವ ಬಗೆಯಾದರೆ ಅಲ್ಲಿಂದ ಆಯಿಲ್ ಸುರಿಯುತ್ತದೆ, ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್‌ಬ್ಯಾಂಡ್ ಬಿಗಿಯಿರಿ. ಗೇರ್ ಲಿವರನ್ನು ಬಹಳ ಕಾರುಗಳಲ್ಲಿ ಕ್ಯಾಬಿನ್ ಒಳಗಿನಿಂದ ತೆಗೆಯಬೇಕು. ಅಡಿಯ ಕ್ರಾಸ್‌ಮೆಂಬರ್ ಬಿಚ್ಚಿದ ಮೇಲೆ ಗೇರ್‌ಬಾಕ್ಸ್‌ನ ಬಾಲ ಇಳಿಸಿದರೆ ಎಂಜಿನ್ ಹಿಂದಕ್ಕೆ ವಾಲುತ್ತದೆ, ಆಗ ಮೇಲಿನ ಬೋಲ್ಟ್‌ಗಳಿಗೆ ಉದ್ದ ಎಕ್ಸ್‌ಟೆನ್ಷನ್ ಸೇರಿಸಿ ಹಿಂದಿನಿಂದಲೇ ಹೋಗಬಹುದು. ವಾಲುವಾಗ ಎಂಜಿನ್‌ನ ಹಿಂಭಾಗ ಫೈರ್‌ವಾಲ್‌ಗೆ, ಮುಂದಿನ ಫ್ಯಾನ್ ಅದರ ಕವಚಕ್ಕೆ ತಾಗುತ್ತದಾ ಅಂತ ಯಾರಾದರೂ ಮೇಲಿಂದ ನೋಡುತ್ತಿರಬೇಕು. ಈ ಗೇರ್‌ಬಾಕ್ಸ್ ಉದ್ದ, ಜ್ಯಾಕ್ ಮೇಲೆ ಮುಂದಕ್ಕೆ ಮುಗ್ಗರಿಸುತ್ತದೆ, ಎರಡು ಬೆಲ್ಟ್ ಹಾಕಿ.

ಹೊರಬಂದ ಮೇಲೆ

ಬೆಲ್ ಹೌಸಿಂಗ್ ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಕ್ಲಚ್ ಪ್ಲೇಟ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ.

ಒಳಗೆ ಎಣ್ಣೆ ಇದ್ದರೆ ಎಲ್ಲಿಂದ ಅಂತ ಪತ್ತೆ ಮಾಡಿ. ಬೆರಳಿಗೆ ಹಚ್ಚಿ ಮೂಸಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಅದಾದರೆ ಇನ್‌ಪುಟ್ ಶಾಫ್ಟ್ ಸೀಲ್. ಘಾಟಿಲ್ಲದ ಕಪ್ಪು ಆಯಿಲ್ ಆದರೆ ಫ್ಲೈವೀಲ್ ಹಿಂದಿನ ಎಂಜಿನ್ ಸೀಲ್. ಈಗ ಹಾಕದಿದ್ದರೆ ಇಷ್ಟೂ ಕೆಲಸ ಮತ್ತೆ ಮಾಡಬೇಕು, ಹಾಗಾಗಿ ಸ್ವಲ್ಪ ಒದ್ದೆ ಕಂಡರೂ ಬದಲಾಯಿಸಿಬಿಡಿ.

ಕ್ಲಚ್ ಕವರ್‌ನ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪ್ಲೇಟಿನಲ್ಲಿ ರಿವೆಟ್‌ನ ತಲೆ ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ನೋಡಿ, 0.3 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಅದರ ಆಯಸ್ಸು ಮುಗಿಯಿತು. ಫ್ಲೈವೀಲ್ ಮೇಲೆ ನೀಲಿ ಕಲೆ, ಸಣ್ಣ ಬಿರುಕು ಇದ್ದರೆ ಲೇತ್‌ನಲ್ಲಿ ಕಡೆಸಬೇಕು ಇಲ್ಲಾ ಬದಲಾಯಿಸಬೇಕು. ಎರಡು ಭಾಗಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಆದರೆ ಸಾಮಾನ್ಯವಾಗಿ ಕಡೆಸುವಂತಿಲ್ಲ. ರಿಲೀಸ್ ಬೇರಿಂಗ್ ಚೆನ್ನಾಗಿ ಕಂಡರೂ ಹೊಸದೇ ಹಾಕಿ.

ವಾಪಸ್ ಕೂರಿಸುವುದು

ಡೋವೆಲ್ ಎರಡೂ ತಮ್ಮ ಜಾಗದಲ್ಲಿವೆಯಾ ನೋಡಿ, ಒಂದು ಕಳೆದುಹೋದರೂ ಹಾಗೇ ಜೋಡಿಸಬೇಡಿ. ತಂತಿ ಬ್ರಷ್‌ನಿಂದ ತುಕ್ಕು ತೆಗೆಯಿರಿ. ಹೊಸ ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಯಾವುದು ಅಂತ ಬರೆದಿರುತ್ತದೆ, ತಿರುಗಾಮುರುಗಾ ಹಾಕಿದರೆ ಕ್ಲಚ್ ಬಿಡುವುದಿಲ್ಲ. ಅಲೈನ್‌ಮೆಂಟ್ ಟೂಲ್ ಇಟ್ಟು ಕವರನ್ನು ಎದುರುಬದುರಾಗಿ ಬಿಗಿಯಿರಿ. ಕೈಪಿಡಿ ಹೇಳಿದ್ದರೆ ಮಾತ್ರ ಶಾಫ್ಟಿನ ಸ್ಪ್ಲೈನ್‌ಗೆ (ಉದ್ದುದ್ದ ಹಲ್ಲುಗಳಿಗೆ) ಗ್ರೀಸ್, ಅದೂ ತೆಳ್ಳಗೆ ಸವರಿ ಹೆಚ್ಚಾದದ್ದನ್ನು ಒರೆಸಿ. ಜಾಸ್ತಿ ಆದರೆ ಪ್ಲೇಟಿನ ಮೇಲೆ ಸಿಡಿಯುತ್ತದೆ.

ಕಂಬಿ ಬೋಲ್ಟ್‌ಗಳನ್ನು ಹಾಕಿ, ಗೇರ್‌ಬಾಕ್ಸ್ ಎತ್ತಿ, ಮುಂದೆ ತಳ್ಳಿ. ಕೊನೆಯ 1–2 ಸೆಂ.ಮೀ. ನಿಂತುಬಿಡುವುದು ಮಾಮೂಲಿ. ಸ್ಪ್ಲೈನ್‌ಗಳು ಎದುರುಬದುರು ಹಲ್ಲಿಗೆ ಹಲ್ಲು ತಾಗಿ ನಿಂತಿರುತ್ತವೆ. ಗೇರಿಗೆ ಹಾಕಿ ಔಟ್‌ಪುಟ್ ಕಡೆಯಿಂದ ಸ್ವಲ್ಪ ತಿರುಗಿಸಿ, ಇಲ್ಲಾ ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಇಟ್ಟು ಎಂಜಿನ್ ಸ್ವಲ್ಪ ತಿರುಗಿಸಿ, ಸಂದು ಸುತ್ತಲೂ ಒಂದೇ ಇದೆಯಾ ನೋಡಿ, ಮತ್ತೆ ತಳ್ಳಿ. ಬೋಲ್ಟ್ ಹಾಕಿ ಬಿಗಿಯುತ್ತಾ ಗೇರ್‌ಬಾಕ್ಸನ್ನು ಎಳೆದುಕೊಳ್ಳುವ ಆಸೆ ಬರುತ್ತದೆ. ದಯವಿಟ್ಟು ಮಾಡಬೇಡಿ. ಹೌಸಿಂಗ್‌ನ ಕಿವಿ ಮುರಿಯುವುದು ಹೀಗೇ. ಎರಡು ಮುಖ ಕೈ ಬಲದಿಂದಲೇ ಕೂಡಬೇಕು, ಬೋಲ್ಟ್ ಇರುವುದು ಕೂಡಿದ್ದನ್ನು ಹಿಡಿಯಲು.

ಆಮೇಲೆ ಎಲ್ಲ ಬಿಚ್ಚಿದ ಕ್ರಮದ ತಲೆಕೆಳಗು. ಟಾರ್ಕ್ ಕೈಪಿಡಿ ನೋಡಿಯೇ ಹಾಕಿ. ಆಕ್ಸಲ್ ನಟ್ ಹೊಸದು ಹಾಕಿ, ಪೂರ್ತಿ ಬಿಗಿಯುವುದು ಚಕ್ರ ನೆಲಕ್ಕೆ ತಾಗಿದ ಮೇಲೆ. ಡ್ರೈವ್ ಶಾಫ್ಟ್ ಒಳಗೆ ತಳ್ಳಿದಾಗ ರಿಂಗ್ ಟಕ್ ಅಂತ ಕೂತ ಶಬ್ದ ಬರಬೇಕು, ಆಮೇಲೆ ಬಟ್ಟಲನ್ನು ಹಿಡಿದು ಮೆಲ್ಲಗೆ ಎಳೆದರೆ ಬರಬಾರದು. ಕೈಪಿಡಿಯಲ್ಲಿ ಗೇರ್ ಆಯಿಲ್‌ನ ದರ್ಜೆ ಜಿಎಲ್-4 ಅಂತ ಇದ್ದರೆ ಜಿಎಲ್-4 ಹಾಕಿ. ಜಿಎಲ್-5 ಸಂಖ್ಯೆ ದೊಡ್ಡದು ಅಂತ ಒಳ್ಳೆಯದಾಗುವುದಿಲ್ಲ, ಅದರ ಕೆಲವು ರಾಸಾಯನಿಕಗಳು ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಆಗಿಬರುವುದಿಲ್ಲ. ಮಟ್ಟದ ತೂತು ಇರುವ ಗೇರ್‌ಬಾಕ್ಸ್ ಆದರೆ ಕಾರು ಸಮತಟ್ಟಾಗಿರುವಾಗ ಆ ತೂತಿನಿಂದ ಹೊರಚೆಲ್ಲುವವರೆಗೆ ತುಂಬಬೇಕು. ಪೈಪ್ ಬಿಚ್ಚಿದ್ದರೆ ಕ್ಲಚ್‌ನ ಗಾಳಿ ತೆಗೆಯಿರಿ.

ಕಾರು ಇಳಿಸುವ ಮೊದಲು, ಚಕ್ರ ಗಾಳಿಯಲ್ಲಿರುವಾಗಲೇ, ಎಂಜಿನ್ ಬಂದ್ ಇಟ್ಟು ಪ್ರತಿ ಗೇರ್ ಹಾಕಿ ನೋಡಿ. ಕ್ಲಚ್ ಒತ್ತಿ ಗೇರ್ ಹಾಕಿದಾಗ ಜೊತೆಗಿರುವವರು ಮುಂದಿನ ಎರಡು ಚಕ್ರಗಳನ್ನೂ ಒಂದೇ ದಿಕ್ಕಿಗೆ ಕೈಯಿಂದ ತಿರುಗಿಸಿದರೆ ತಿರುಗಬೇಕು, ಪೆಡಲ್ ಬಿಟ್ಟರೆ ತಡೆದು ನಿಲ್ಲಬೇಕು. ಆಮೇಲೆ ಬ್ಯಾಟರಿ ಪಾಸಿಟಿವ್, ನೆಗೆಟಿವ್. ಮೊದಲ ಓಟ ಮನೆ ಸುತ್ತಮುತ್ತವೇ ಇರಲಿ, ವಾಪಸ್ ಬಂದ ಮೇಲೆ ಡ್ರೈನ್ ಪ್ಲಗ್, ಡ್ರೈವ್ ಶಾಫ್ಟ್ ಸೀಲ್, ಕ್ಲಚ್ ಪೈಪ್ ಮೂರರ ಕೆಳಗೂ ಒದ್ದೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ, ಚಕ್ರದ ನಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ.